ಸುತ್ತಿಗೆ ಕೇಳಿದರೆ ಮೊಳೆ ಹೊಡೆದುಕೊಡುವ ಊರಲ್ಲಿ

ಕೊಳ್ಳೇಗಾಲಕ್ಕೆ ಬಂದಿಳಿದ ಮರುದಿನ ನಾನು ಪಕ್ಕದ ಮನೆಯವರ ಹತ್ತಿರ ಒಂದು ಸುತ್ತಿಗೆ ಕೇಳಿದೆ. ಗೋಡೆಗೆ ಕನ್ನಡಿ ತೂಗುಹಾಕಬೇಕಿತ್ತು, ನನ್ನ ಸುತ್ತಿಗೆ ಯಾವ ಪೆಟ್ಟಿಗೆಯ ತಳದಲ್ಲಿತ್ತೋ ಗೊತ್ತಿರಲಿಲ್ಲ. ಪಕ್ಕದ ಮನೆಯ ಪುಟ್ಟಸ್ವಾಮಿಯವರು "ಅದ್ಕೇನ್ ಸಾ" ಎಂದು ಒಳಗೆ ಹೋಗಿ ಸುತ್ತಿಗೆ ತಂದರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಚಪ್ಪಲಿ ಬಿಟ್ಟು ಸೀದಾ ನಮ್ಮ ಮನೆಯೊಳಗೆ ಬಂದರು, ಸ್ಟೂಲು ಎಳೆದುಕೊಂಡು ಹತ್ತಿದರು, ನಾನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದ ಜಾಗ ಬಿಟ್ಟು ಒಂದು ಗೇಣು ಆಚೆ ಮೊಳೆ ಹೊಡೆದರು. "ಅಲ್ಲಲ್ರೀ, ಇಲ್ಲಿ" ಎಂದೆ. "ಅಲ್ಲಿ ವೈರ್ ಓಗಿರ್ತದ, ಬುಡಿ ಸಾ" ಎಂದರು. ಕನ್ನಡಿಯನ್ನೂ ಅವರೇ ತೂಗುಹಾಕಿದರು. ಅದರಲ್ಲಿ ಮೊದಲು ಮುಖ ನೋಡಿಕೊಂಡವರೂ ಅವರೇ.

ನರಗುಂದದ ಗೆಳೆಯರೇ, ನಿಮಗೆ ನಮ್ಮ ಓಣಿಯ ಈರಪ್ಪ ಗೊತ್ತು. ಸುತ್ತಿಗೆ ಕೇಳಿದರೆ ಕಂಪೌಂಡಿನ ಮೇಲೆ ಇಟ್ಟು, "ಸಂಜಿಗೆ ವಾಪಸ್ ಕೊಡು" ಎಂದು ಬೆನ್ನು ತಿರುಗಿಸಿ ಹೋಗುವ ಮನುಷ್ಯ. ನೀನು ಮೊಳೆ ಹೊಡಿ, ಬೆರಳು ಹೊಡಕೋ, ಅದು ನಿನ್ನ ಪಾಡು. ನಾನು ಬೆಳೆದದ್ದು ಅಂಥ ಊರಲ್ಲಿ. ಇಲ್ಲಿ ಪುಟ್ಟಸ್ವಾಮಿಯವರು ಸ್ಟೂಲಿನಿಂದ ಇಳಿದು "ಇನ್ನೇನಾರ ಇದ್ರ ಕೂಗಿ" ಎಂದು ಹೋದ ಮೇಲೆ ನನಗೆ ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ನನ್ನ ಮನೆಯಲ್ಲಿ, ನನ್ನ ಗೋಡೆಯಲ್ಲಿ, ನನ್ನ ಕನ್ನಡಿಗೆ ನಾನೊಂದು ಮೊಳೆ ಹೊಡೆಯಬಾರದೇ?

ನಾವು ಇಲ್ಲಿಗೆ ಬಂದದ್ದು ಶೈಲಾಳ ವರ್ಗಾವಣೆಯಿಂದ. ನನ್ನ ಹೆಂಡತಿ ದನದ ಡಾಕ್ಟರು, ಹನೂರಿನ ಕಡೆಯ ಹಳ್ಳಿಗಳು ಅವಳ ಪಾಲಿಗೆ ಬಂದವು. ನಾನು ನಮ್ಮ ಕಡೆಯ ಖಾಸಗಿ ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಿದ್ದವನು, ಕೆಲಸ ಬಿಟ್ಟು ಹಿಂದೆ ಬಂದೆ. ಹೆಂಡತಿಯ ನೌಕರಿಯ ಹಿಂದೆ ಗಂಡ ಬರುವುದು ಇಲ್ಲಿಯ ಮನೆ ಮಾಲೀಕರಿಗೆ ಅರಗಲೇ ಇಲ್ಲ. ನೋಡಿದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: "ಡಾಕ್ಟ್ರಮ್ಮ ಕೆಲ್ಸಕ್ಕ ಓಯ್ತಾರ, ಸರಿ. ನೀವೇನ್ ಮಾಡೀರಿ ಸಾ?" ಈಗಲೂ ಅಂಗಡಿಯಲ್ಲಿ ನನಗೆ ಹೆಸರಿಲ್ಲ. ನಾನು ಡಾಕ್ಟ್ರಮ್ಮನ ಮನೆಯವರು. ನಮ್ಮಲ್ಲಿ ಹೆಂಗಸರು ಇದನ್ನು ತಲೆತಲಾಂತರದಿಂದ ಅನುಭವಿಸಿದ್ದಾರೆ ಎಂದು ಶೈಲಾ ನಗುತ್ತಾಳೆ. ನಗಲಿ.

ಊಟದ ಕಥೆ ಬೇರೆ. ಇಲ್ಲಿ ಜೋಳದ ರೊಟ್ಟಿ ಎಂದರೆ ಜನ ಕಾಯಿಲೆಯವರನ್ನು ನೋಡುವಂತೆ ನೋಡುತ್ತಾರೆ. ರಾಗಿ ಮುದ್ದೆಗೆ ಇವರು ಇಟ್ಟು ಅನ್ನುತ್ತಾರೆ, ಅಂದರೆ ಹಿಟ್ಟು. ಅದನ್ನು ಅಗಿಯದೆ ನುಂಗಬೇಕು. ಪಕ್ಕದ ಮನೆಗೆ ಊಟಕ್ಕೆ ಕರೆದಾಗ ನಾನು ಅಗಿದೆ. ಪುಟ್ಟಸ್ವಾಮಿಯವರ ಹೆಂಡತಿ ನಾಗಮ್ಮ ಬಾಗಿಲ ಸಂದಿಯಿಂದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಆದರೂ ಅಂದಿನಿಂದ ದಿನಾ ಒಂದು ಬಟ್ಟಲು ಸಾರು ನಮ್ಮ ಮನೆಗೆ ಬರತೊಡಗಿತು. ಸೊಪ್ಪಿನ ಸಾರು, ಹುರುಳಿಕಾಳಿನ ಸಾರು, ಬಸ್ಸಾರು. ಬೇಡ ಅನ್ನಲು ಬಾಯಿ ಬರುವುದಿಲ್ಲ, ಅಷ್ಟು ರುಚಿ.

ಕೆಲಸ ಹುಡುಕಿಕೊಂಡು ಯಳಂದೂರಿನ ಕಡೆಯ ಒಂದು ಖಾಸಗಿ ಕಾಲೇಜಿಗೆ ಹೋದೆ. ಒಂದು ಪಾಠ ಮಾಡಿ ತೋರಿಸಿ ಎಂದರು. ನಾನು ಮಕ್ಕಳನ್ನು ಕೇಳಿದೆ: ಬಸ್ಸು ತಟ್ಟನೆ ನಿಂತರೆ ನೀವು ಮುಂದಕ್ಕೆ ಯಾಕೆ ಬೀಳುತ್ತೀರಿ? ಮಕ್ಕಳು ಮುಖ ಮುಖ ನೋಡಿಕೊಂಡರು, ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬ ಡ್ರೈವರನ್ನು ಬೈದ. ಚೆನ್ನಾಗಿ ನಡೆಯುತ್ತಿತ್ತು. ಹಿಂದೆ ಕೂತಿದ್ದ ಕಾರ್ಯದರ್ಶಿ ಗಡಿಯಾರ ನೋಡಿ, "ಸಾ, ಪ್ರಶ್ನೆ ಅವ್ರತ್ರ ಅದ. ಉತ್ರ ಬರಸಕ್ಕ ನಾವ್ ಮೇಷ್ಟ್ರುನ್ನ ಹುಡುಕ್ತಿರದು" ಎಂದರು. ಬಸ್ಸು ಹತ್ತಿ ವಾಪಸ್ ಬಂದೆ. ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡೆ. ನಮ್ಮ ಕಡೆಯೂ ಇದೇ ರೋಗ ಇದೆ ಎಂದು ನನಗೆ ಗೊತ್ತು, ಆದರೆ ಅಲ್ಲಿ ಇದನ್ನು ಇಷ್ಟು ನಿರಾಳವಾಗಿ ಯಾರೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ರಕ್ಷಿತಾ ಬಂದಳು. ನಾಗಮ್ಮನ ಅಕ್ಕನ ಮಗಳು, ಊರು ಕಾಡಂಚಿನ ಲೊಕ್ಕನಹಳ್ಳಿ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಇಲ್ಲಿಯ ಕಾಲೇಜಿನಲ್ಲಿ ಮೊದಲ ಪಿಯು ಸೈನ್ಸ್ ಓದುತ್ತಿದ್ದಳು. ನೋಟ್‌ಬುಕ್ಕು, ಪೆನ್ನು, ಜೊತೆಗೆ ಒಂದು ಬಟ್ಟಲು ಸಾರು ಟೀಪಾಯಿ ಮೇಲಿಟ್ಟು, "ಸಾ, ಇದೊಂದ್ ಲೆಕ್ಕ ಮಾಡ್ಕೊಡಿ, ಆಮ್ಯಾಕ ಬಂದ್ ಈಸ್ಕತೀನಿ" ಎಂದು ಬಾಗಿಲ ಕಡೆ ಹೊರಟಳು. ಇಸ್ತ್ರಿಗೆ ಬಟ್ಟೆ ಕೊಟ್ಟು ಹೋಗುವ ಹಾಗೆ!

"ಏ ನಿಂದ್ರು ಬಾ ಇಲ್ಲಿ" ಎಂದೆ. "ನೀ ಏನ್ ಮಾಡೀದಿ ಮೊದಲ ಅದನ್ನ ತೋರ್ಸು."

"ಏನೂ ಮಾಡಿಲ್ಲ ಸಾ. ಅದ್ಕೇ ತಂದಿವ್ನಿ."

ನಾನು ಇಷ್ಟು ವರ್ಷ ಪಾಠ ಹೇಳಿದ ರೀತಿ ಒಂದೇ. ಲೆಕ್ಕ ಮಾಡಿಕೊಡುವುದಿಲ್ಲ. ನೀನು ಎಲ್ಲಿಯವರೆಗೆ ಹೋದೆ ತೋರಿಸು, ಮುಂದಿನ ಹೆಜ್ಜೆಗೆ ಒಂದು ಸುಳಿವು ಕೊಡುತ್ತೇನೆ. ಖಾಲಿ ಹಾಳೆಗೆ ಸುಳಿವು ಕೊಡಲು ಬರುವುದಿಲ್ಲ. ಹಾಗೆಂದು ಹೇಳಿ ನೋಟ್‌ಬುಕ್ಕು ವಾಪಸ್ ಕೊಟ್ಟೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಮರುದಿನದಿಂದ ಸಾರು ಬರಲಿಲ್ಲ. ನಾಗಮ್ಮ ಬಟ್ಟೆ ಒಣಹಾಕುತ್ತ, ನನಗೆ ಕೇಳಲೆಂದೇ ಗಂಡನಿಗೆ ಹೇಳಿದರು: "ಒಂದ್ ಲೆಕ್ಕ ಮಾಡ್ಕೊಟ್ಟಿದ್ರ ಅವರ್ದೇನ್ ಸವದೋಗದಾ? ನಾವ್ ಮೊಳೆ ಹೊಡ್ಕೊಡ್ನಿಲ್ವಾ?"

ನನಗೆ ನೆತ್ತಿಗೇರಿತು. ನಾನು ಮೊಳೆ ಹೊಡೆದುಕೊಡಿ ಎಂದು ಯಾವಾಗ ಕೇಳಿದ್ದೆ? ನಾನು ಕೇಳಿದ್ದು ಸುತ್ತಿಗೆ.

ಆಮೇಲೆ ರಕ್ಷಿತಾಳಿಗೆ ಸಹಾಯ ಮಾಡದವರೇ ಇರಲಿಲ್ಲ. ಮುಂದಿನ ಬೀದಿಯ ಎಂಜಿನಿಯರಿಂಗ್ ಓದುವ ಹುಡುಗಿ ಎರಡು ಅಧ್ಯಾಯದ ಉತ್ತರ ಬರೆದುಕೊಟ್ಟಳು. ಪುಟ್ಟಸ್ವಾಮಿಯವರು ಯಾರದೋ ಹಳೆಯ ನೋಟ್ಸ್ ಜೆರಾಕ್ಸ್ ಮಾಡಿಸಿ, ಬೈಂಡ್ ಹಾಕಿಸಿ ತಂದರು. ಉಳಿದದ್ದಕ್ಕೆ ಮೊಬೈಲಿನಲ್ಲಿ ಆ್ಯಪ್ ಇತ್ತು. ಪ್ರಶ್ನೆಯ ಫೋಟೊ ಹೊಡೆದರೆ ಉತ್ತರ ಸಾಲು ಸಾಲಾಗಿ ಇಳಿಯುತ್ತದೆ, ನೋಡಿ ಬರೆದುಕೊಳ್ಳುವುದೊಂದೇ ಕೆಲಸ. ನೋಟ್‌ಬುಕ್ಕಿನ ತುಂಬ ಕೆಂಪು ಟಿಕ್ಕುಗಳು. ಕಂಪೌಂಡಿನಾಚೆಯಿಂದ ನಾಗಮ್ಮ ಅದನ್ನು ನನಗೆ ತೋರಿಸಿದರು ಕೂಡ.

ಕಾಲೇಜಿನ ಮೊದಲ ಪರೀಕ್ಷೆ ನಡೆಯಿತು. ಪ್ರಶ್ನೆಗಳಲ್ಲಿ ಅಂಕಿಗಳು ಬದಲಾಗಿದ್ದವು, ಅಷ್ಟೇ. ರಕ್ಷಿತಾ ಭೌತಶಾಸ್ತ್ರದಲ್ಲಿ ಪಾಸಾಗಲಿಲ್ಲ.

ಅವಳ ಉಪನ್ಯಾಸಕರು ಪುಟ್ಟಸ್ವಾಮಿಯವರನ್ನು ಕರೆಸಿ, ತಿಂಗಳ ಕೊನೆಯೊಳಗೆ ಆರ್ಟ್ಸಿಗೆ ಬದಲಾಯಿಸಿಕೊಳ್ಳಿ ಎಂದರಂತೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. "ಲೊಕ್ಕನಹಳ್ಳಿ ಕಡೆ ಮಕ್ಕಳಿಗೆ ಸೈನ್ಸ್ ಎಲ್ಲ ಯಾಕೆ?" ಎಂದೂ ಸೇರಿಸಿದರಂತೆ. ಹುಡುಗಿಯ ಅಪ್ಪ ಮಾದೇಶ ಮರುದಿನವೇ ಬಸ್ಸು ಹಿಡಿದು ಬಂದ. ಮೆತ್ತನೆಯ ಮನುಷ್ಯ. ಯಾರನ್ನೂ ಬೈಯಲಿಲ್ಲ. "ಆಗ್ಲಿ ಬುಡು ಮಗ, ಹನೂರಲ್ಲೇ ಆರ್ಟ್ಸ್ ಓದ್ಕ. ಮನೆಯಿಂದ್ಲೇ ಓಡಾಡ್ಬೋದು" ಎಂದ. ಅವಳು ಬಿಕ್ಕಿದ ಸದ್ದು ನಮ್ಮ ಅಡುಗೆಮನೆಯವರೆಗೆ ಕೇಳಿತು.

ಆ ಅಳುವಿನ ಕಾರಣ ನನಗೆ ಹೇಳಿದವಳು ಶೈಲಾ. ಹೋದ ಬೇಸಿಗೆಯಲ್ಲಿ ಮಾದೇಶನ ಹಸು ಕರು ಹಾಕಲಾರದೆ ಒದ್ದಾಡುವಾಗ ಇವಳೇ ಹೋಗಿದ್ದಳಂತೆ. ಕರು ಅಡ್ಡವಾಗಿತ್ತು. ಟಾರ್ಚು ಹಿಡಿದು ನಿಂತವಳು ಈ ರಕ್ಷಿತಾ. ಕರು ಜೀವಂತ ಹೊರಬಂದ ಮೇಲೆ, "ಮೇಡಂ, ನಿಮ್ಮಂಗ ಆಗ್ಬೇಕಂದ್ರ ಏನ್ ಓದ್ಬೇಕು?" ಎಂದು ಕೇಳಿದ್ದಳಂತೆ. ಸೈನ್ಸ್ ಓದಬೇಕು ಎಂದು ಇವಳು ಹೇಳಿ ಬಂದಿದ್ದಳು. "ಹುಡುಗಿ ನನ್ನ ಮಾತ ನಂಬಿ ಇಲ್ಲೀತನಕ ಬಂದಾಳ. ನೀವು ನೋಡಿದರ ಖಾಲಿ ಹಾಳಿ ನೋಡಿ ಹೊರಗ ಹಾಕೀರಿ" ಎಂದಳು ಶೈಲಾ. ನನ್ನ ಕಡೆಯಲ್ಲಿ ನ್ಯಾಯವಿತ್ತು, ಆದರೆ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಸತ್ತೇಗಾಲದಲ್ಲಿ ಪುಟ್ಟಸ್ವಾಮಿಯವರ ಗದ್ದೆಯ ನಾಟಿ. ಸಾರು ನಿಂತಿದ್ದರೂ ಕರೆಯುವುದು ನಿಂತಿರಲಿಲ್ಲ, ಈ ಊರಿನ ಜನ ಹಾಗೆ. ಹೋದೆ. ಮಾದೇಶನೂ ಇದ್ದ, ನಾಟಿ ಮುಗಿಸಿ ಮಗಳನ್ನು ಕರೆದುಕೊಂಡು ಹೋಗುವ ಆಲೋಚನೆ. ನಮ್ಮ ಎರೆಮಣ್ಣಿನ ಹೊಲ ನೋಡಿ ಬೆಳೆದ ಕಣ್ಣಿಗೆ ಆ ನೀರು ನಿಂತ ಗದ್ದೆ, ಆ ತೆಂಗಿನ ಸಾಲು ಬೇರೆ ದೇಶದಂತೆ ಕಂಡಿತು. ಹತ್ತಾರು ಹೆಂಗಸರು ಬಗ್ಗಿ ಪೈರು ನೆಡುತ್ತಿದ್ದರು. ಎಲ್ಲರಿಗಿಂತ ಮುಂದೆ, ಮೊಣಕಾಲುದ್ದ ಕೆಸರಿನಲ್ಲಿ ನಾಗಮ್ಮ. ಪಕ್ಕದಲ್ಲಿ ರಕ್ಷಿತಾ.

ಬದುವಿನ ಮೇಲೆ ನಿಂತು ಕೇಳಿದೆ: "ಏನ್ರೀ, ಇಷ್ಟ ಆಳು ಅದಾವು, ಮತ್ತ ನೀವ್ಯಾಕ ಇಳದೀರಿ?"

ನಾಗಮ್ಮ ಸೊಂಟ ನೆಟ್ಟಗೆ ಮಾಡಿ ನನ್ನತ್ತ ತಿರುಗಿದರು. "ಇವರ್ಯಾರೂ ಕೂಲಿಯೋರಲ್ಲ ಸಾ, ಮುಯ್ಯಾಳು. ಇವತ್ತು ಅವರು ನಮ್ಗ, ನಾಳಿದ್ದು ನಾವು ಅವರ್ಗ. ಗದ್ದೆಯೋಳೇ ಬದುಮ್ಯಾಲ ಕೂತ್ಕಂಡ್ರ ಮುಂದಿನ್ಸಲ ಯಾರ್ ಬಂದಾರು? ಆಡ್ಕಳಲ್ವಾ ಜನ?"

ನಾನು ಅಲ್ಲೇ, ಚಪ್ಪಲಿ ಬಿಡದೆಯೇ ಕೆಸರಿಗಿಳಿದೆ ಅನ್ನಿಸುತ್ತದೆ. ಸಿಟ್ಟು ಬಂದಾಗ ನನಗೆ ಇವೆಲ್ಲ ಗಮನಕ್ಕೆ ಬರುವುದಿಲ್ಲ. "ಹಂಗಂದ್ರ ನಾ ಹೇಳಿದ್ದ ಇದ ಅಲ್ಲೇನ್ರೀ!" ಎಂದು ಕೂಗಿದೆ. ನಾಟಿ ನಿಂತಿತು. "ನಿಮ್ಮ ಗದ್ದೀಗೆ ನೀವು ಮೊದಲ ಇಳೀತೀರಿ. ಆ ಹುಡುಗಿ ತನ್ನ ಲೆಕ್ಕ ನನ್ನ ಮನ್ಯಾಗ ಒಗದು ಹೊಂಟ್ಲು. ಅಕೀ ಬದುವಿನ ಮ್ಯಾಲ ಕುಂತ್ರ ನಾ ಯಾಕ ಕೆಸರಿಗೆ ಇಳೀಲಿ? ಅಕೀ ಇಳೀಲಿ, ನಾನೂ ಪಕ್ಕಕ್ಕ ಇಳೀತೀನಿ. ಎಷ್ಟೊತ್ತಾದರೂ ಏಳಂಗಿಲ್ಲ."

ಹೆಂಗಸರಿಗೆ ನನ್ನ ಭಾಷೆ ಅರ್ಧ ತಿಳಿಯಿತೋ ಇಲ್ಲವೋ, ಕೆಸರಿನಲ್ಲಿ ಹೂತ ನನ್ನ ಚಪ್ಪಲಿ ನೋಡಿ ಗೊಳ್ಳೆಂದು ನಕ್ಕರು. ನಾಗಮ್ಮ ಮಾತ್ರ ನಗಲಿಲ್ಲ. "ಇದ ಮೊದ್ಲೇ ಇಂಗ್ ಏಳಿದ್ರ ಆಗ್ತಿತ್ತಲ್ಲ ಸಾ" ಎಂದರು. ಆಮೇಲೆ ಭಾವನ ಕಡೆ ತಿರುಗಿ, "ಮಾದೇಶಣ್ಣ, ತಿಂಗ್ಳು ಮುಗೀಗಂಟ ತಡಿ" ಎಂದರು. ಮಾದೇಶ ಮಗಳ ಮುಖ ನೋಡಿ ತಲೆಯಾಡಿಸಿದ.

ಅಂದಿನಿಂದ ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಚಾಪೆ ಹಾಸಿ ಕೂತೆವು. ಷರತ್ತು ಒಂದೇ, ಅವಳ ಪೆನ್ನು ನಾನು ಮುಟ್ಟುವುದಿಲ್ಲ. ಮೊದಮೊದಲು ಅವಳು ಪ್ರಶ್ನೆ ಓದಿ ನನ್ನ ಮುಖ ನೋಡುವಳು. ನಾನು ಹಾಳೆಯ ಕಡೆ ಕೈ ತೋರುವೆ. ಪುಟ್ಟಸ್ವಾಮಿಯವರು ಕಂಪೌಂಡಿನಾಚೆಯಿಂದ ಸಂಕಟಪಡುವರು: "ಮಗ ಒದ್ದಾಡ್ತಾ ಅದ, ಒಂಚೂರು ಏಳಿ ಸಾ."

"ಏನಾಗ್ತದ ಅಂತ ಮೊದಲ ಚಿತ್ರ ಬರಿ" ಎಂದೆ ಒಂದು ದಿನ. ಬಹುಮಹಡಿ ಕಟ್ಟಡದ ಮೇಲಿಂದ ಯಾರೋ ಚೆಂಡನ್ನು ಮೇಲಕ್ಕೆ ಎಸೆಯುವ ಲೆಕ್ಕ. ಅವಳಿಗೆ ಕಟ್ಟಡ ಬರೆಯಲು ಕೈ ಓಡಲಿಲ್ಲ. "ಅಟ್ಟಣೆ ಬರೀಲಾ ಸಾ?" ಎಂದಳು. ಲೊಕ್ಕನಹಳ್ಳಿಯ ಹೊಲಗಳಲ್ಲಿ ಆನೆ, ಹಂದಿ ಕಾಯಲು ಮರದ ಮೇಲೆ ಕಟ್ಟುವ ಕಾವಲುಗೂಡು ಅದು. ಬರಿ ಎಂದೆ. ಬರೆದಳು. ಮರ, ಏಣಿ, ಮೇಲೆ ಕೂತ ಅಪ್ಪ, ಅಪ್ಪನ ಕೈಯಲ್ಲಿ ಕಲ್ಲು, ಕೆಳಗೆ ಒಂದು ಹಂದಿ ಕೂಡ. ಲೆಕ್ಕಕ್ಕೆ ಹಂದಿ ಬೇಕಿರಲಿಲ್ಲ. ಆದರೆ ಆ ಹಾಳೆ ಮೊದಲ ಸಲ ಅವಳದಾಗಿತ್ತು, ನಾನು ಹಂದಿಯ ಮಾತೆತ್ತಲಿಲ್ಲ.

ಮುಯ್ಯಿಗೆ ಮುಯ್ಯಿ ತೀರಬೇಕಲ್ಲ. ನನಗೆ ಇಟ್ಟು ತಿರುವುವುದನ್ನು ಕಲಿಸು ಎಂದು ರಕ್ಷಿತಾಳಿಗೆ ಹೇಳಿದೆ. ನಾನು ಕೋಲು ಹಿಡಿದು ಒಂದು ಸುತ್ತು ಹಾಕುವಷ್ಟರಲ್ಲಿ ಹುಡುಗಿ ತಡೆಯಲಾರದೆ, "ಬುಡಿ ಸಾ, ಗಂಟಾಯ್ತದ" ಎಂದು ಕೋಲು ಕಿತ್ತುಕೊಂಡಳು. ನಾನು ಕೈ ಚಾಚಿದೆ. ಅವಳಿಗೆ ನಗು ಬಂತು, ಕೋಲು ವಾಪಸ್ ಕೊಟ್ಟಳು. ಇಟ್ಟು ಗಂಟಾಯಿತು, ಎಲ್ಲರೂ ಅದನ್ನೇ ತಿಂದೆವು.

ತಿಂಗಳ ಕೊನೆಗೆ ಕಾಲೇಜಿಗೆ ಹೋದೆವು. ಮಾದೇಶ, ಪುಟ್ಟಸ್ವಾಮಿ, ರಕ್ಷಿತಾ, ನಾನು. ಉಪನ್ಯಾಸಕರು ಆರ್ಟ್ಸಿಗೆ ಹೋಗುವ ಅರ್ಜಿಯನ್ನು ಆಗಲೇ ಮೇಜಿನ ಮೇಲಿಟ್ಟಿದ್ದರು. ಅದನ್ನು ಕಂಡದ್ದೇ ನನ್ನ ರಕ್ತ ಕುದಿಯಿತು. "ಸರ್, ಒಂದು ಲೆಕ್ಕ ಕೊಡ್ರಿ. ಅಕೀ ಮಾಡಲಿಲ್ಲಂದ್ರ ನಾನ ಅರ್ಜಿ ತುಂಬತೀನಿ" ಎಂದೆ. ಅವರು ಬೇಸರದಿಂದ ಬೋರ್ಡಿನ ಮೇಲೆ ಬರೆದರು. ಹದಿನೈದು ಮೀಟರ್ ಎತ್ತರದ ಕಟ್ಟಡ, ಚೆಂಡನ್ನು ಮೇಲಕ್ಕೆ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಎಸೆದರೆ ನೆಲ ಮುಟ್ಟಲು ಎಷ್ಟು ಹೊತ್ತು?

ರಕ್ಷಿತಾ ಸೂತ್ರ ಬರೆದಳು. ಎತ್ತರದ ಜಾಗದಲ್ಲಿ ಹದಿನೈದು ಹಾಕಿದಳು. ಮೇಲಿನ ದಿಕ್ಕು ಪ್ಲಸ್ ಅಂದುಕೊಂಡ ಮೇಲೆ ಕೆಳಗಿನ ನೆಲ ಮೈನಸ್ ಆಗಬೇಕು. ಅವಳು ಮೈನಸ್ ಮರೆತಿದ್ದಳು. ಲೆಕ್ಕ ಮುಂದುವರಿದು, ವರ್ಗಮೂಲದ ಒಳಗೆ ಮೈನಸ್ ಎಂಟು ಬಂದು ಕೂತಿತು. ಉತ್ತರವೇ ಇಲ್ಲ. ಸೀಮೆಸುಣ್ಣ ನಿಂತಿತು.

ಉಪನ್ಯಾಸಕರು ಅರ್ಜಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಮಾದೇಶ ನೆಲ ನೋಡುತ್ತಿದ್ದ. ಪುಟ್ಟಸ್ವಾಮಿಯವರು ನನ್ನ ತೋಳು ಹಿಂಡಿ, "ಸಾ, ನಿಮ್ ಕಾಲ್ಗ ಬೀಳ್ತೀನಿ, ಒಂದ್ ಮಾತ್ ಏಳ್ಬುಡಿ" ಎಂದು ಪಿಸುಗುಟ್ಟಿದರು. ಗೆಳೆಯರೇ, ನಿಜ ಹೇಳುತ್ತೇನೆ, ಆ ಹೊತ್ತಿಗೆ ನಾನು ಪೂರಾ ಈ ಊರಿನವನಾಗಿದ್ದೆ. ಎದ್ದು ಹೋಗಿ ಆ ಮೈನಸ್ಸನ್ನು ನಾನೇ ಗೀರಿಬಿಡಬೇಕು ಅನ್ನಿಸಿತು. ಪುಟ್ಟಸ್ವಾಮಿಯವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರನ್ನು ತಡೆದದ್ದೋ ನನ್ನನ್ನೇ ತಡೆದುಕೊಂಡದ್ದೋ ಗೊತ್ತಿಲ್ಲ.

ಹುಡುಗಿ ನಮ್ಮ ಕಡೆ ತಿರುಗಲಿಲ್ಲ. ಬೋರ್ಡಿನ ಮೂಲೆಯಲ್ಲಿ ಒಂದು ಮರ ಬರೆದಳು. ಏಣಿ ಬರೆದಳು. ಕಲ್ಲು ಮೇಲಕ್ಕೆ ಹೋಗಿ, ಅಟ್ಟಣೆ ದಾಟಿ, ಕೆಳಗಿಳಿಯುವ ಗೆರೆ ಎಳೆದಳು. ಗೆರೆ ನೆಲ ಮುಟ್ಟಿದ ಕಡೆ ಸೀಮೆಸುಣ್ಣ ಒತ್ತಿ ನಿಂತಳು. "ಓ" ಎಂದಳು, ತನ್ನಷ್ಟಕ್ಕೆ. ಹದಿನೈದರ ಹಿಂದೆ ಮೈನಸ್ ಹಾಕಿ, ಕೆಳಗಿನದನ್ನೆಲ್ಲ ಅಂಗೈಯಲ್ಲಿ ಒರೆಸಿ ಮತ್ತೆ ಮಾಡಿದಳು. ಮೂರು ಸೆಕೆಂಡು.

"ಇದೇನಮ್ಮ ಮರ?" ಎಂದರು ಉಪನ್ಯಾಸಕರು.

"ನಮ್ಮೂರ್ದು ಸಾ" ಎಂದಳು. "ಲೊಕ್ಕನಹಳ್ಳಿದು."

ಅವರು ಅರ್ಜಿಯನ್ನು ಡ್ರಾಯರಿಗೆ ಹಾಕಿ, ವಾರ್ಷಿಕ ಪರೀಕ್ಷೆವರೆಗೆ ಇರಲಿ ಎಂದರು. ಕ್ಷಮೆ ಕೇಳಲಿಲ್ಲ. ಅದಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆ ಹುಡುಗಿಯ ನೋಟ್‌ಬುಕ್ಕಿಗೆ ಅಷ್ಟೆಲ್ಲ ಕೆಂಪು ಟಿಕ್ಕು ಹಾಕಿದ ಮನುಷ್ಯ ಒಂದು ದಿನ ಅವಳ ಕೈಗೆ ಸೀಮೆಸುಣ್ಣ ಕೊಟ್ಟು ಕಾದಿದ್ದರೆ ಇಷ್ಟೆಲ್ಲ ರಂಪವೇ ಇರುತ್ತಿರಲಿಲ್ಲ.

ದಸರೆಗೆ ನರಗುಂದಕ್ಕೆ ಬಂದಿದ್ದೆ, ನಿಮ್ಮಲ್ಲಿ ಕೆಲವರು ನೋಡಿದಿರಿ. ಅಣ್ಣನ ಮನೆಯಲ್ಲಿ ಅವ್ವನ ಫೋಟೊ ತೂಗುಹಾಕಬೇಕಿತ್ತು. ಈರಪ್ಪನನ್ನು ಸುತ್ತಿಗೆ ಕೇಳಿದೆ. ಎಂದಿನಂತೆ ಕಂಪೌಂಡಿನ ಮೇಲಿಟ್ಟು, ಸಂಜಿಗೆ ಕೊಡು ಎಂದು ಒಳಗೆ ಹೋದ. ಸುತ್ತಿಗೆ ಹಿಡಿದು ಅಲ್ಲೇ ನಿಂತೆ. ಯಾರಾದರೂ ಹಿಂದೆ ಬರುತ್ತಾರೆಂದು ಕಾದೆನೋ ಏನೋ. ಯಾರೂ ಬರಲಿಲ್ಲ. ಬಾಗಿಲು ಹಾಕಿದ ಸದ್ದಾಯಿತು, ನನಗೆ ಅದು ಚುಚ್ಚಿತು.

ಅಷ್ಟರಲ್ಲಿ ಫೋನು. ರಕ್ಷಿತಾ. "ಸಾ, ಒಂದ್ ಲೆಕ್ಕದಲ್ಲಿ ಸಿಕ್ಕಾಕಂಡಿವ್ನಿ."

"ಎಲ್ಲೀತನಕ ಬಂದೀ?"

"ಚಿತ್ರ ಬರ್ದಿವ್ನಿ. ಬಲಗಳ್ನೆಲ್ಲ ಗುರ್ತ್ ಮಾಡಿವ್ನಿ. ಅಲ್ಲಿಂದ ಮುಂದಕ್ಕ ಓಯ್ತಾ ಇಲ್ಲ."

ನಾನು ಬಾಯಿ ತೆರೆದೆ.

"ಏಳ್ಬೇಡಿ ಸಾ! ಸುಮ್ನ ಲೈನಲ್ಲಿರಿ."

ಇದ್ದೆ. ಆ ಕಡೆ ಪೆನ್ನು ಗೀಚುವ ಸದ್ದು, ನಾಗಮ್ಮನ ಪಾತ್ರೆಗಳ ಸದ್ದು, "ಏನಂದ್ರು ಮೇಷ್ಟ್ರು?" ಎನ್ನುವ ಪುಟ್ಟಸ್ವಾಮಿಯವರ ಗೊಂದಲ. ಅಣ್ಣ ಹೊರಗೆ ಬಂದು, "ಯಾರದಪಾ ಫೋನು?" ಎಂದ.

"ನಮ್ಮೂರಿಂದ" ಎಂದೆ.

"ಮತ್ತ ಇದು ಯಾರೂರೋ?"

ಸುತ್ತಿಗೆ ಹಿಡಿದ ಕೈಯಿಂದಲೇ ಅವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದೆ. ಹುಡುಗಿ ಇನ್ನೂ ಲೆಕ್ಕ ಮಾಡುತ್ತಿದ್ದಳು.